ಅತ್ತೆಯ ಟಬ್ಬೂ ಸೋರುವ ಪಂಪೂ

ನಮ್ಮ ಮನೆಯಲ್ಲಿ ಗಾಬರಿಯಾಗುವಂಥದ್ದು ಏನೂ ನಡೆಯದೆ ಒಂದು ವಾರ ಕಳೆದರೆ ನನಗೇ ಅನುಮಾನ ಬರುತ್ತದೆ, ಎಲ್ಲರೂ ಆರೋಗ್ಯವಾಗಿದ್ದಾರೆ ತಾನೇ ಎಂದು. ನಾನು ಹೊಸಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಪ್ಪತ್ತು ವರ್ಷದಿಂದ ಮಂದಿಯ ರಕ್ತ ತೆಗೆಯುತ್ತಿದ್ದೇನೆ, ಸುಲಭಕ್ಕೆ ಬೆಚ್ಚುವವಳಲ್ಲ. ಆದರೆ ಕಳೆದ ವರ್ಷ ಒಂದು ಸೋರುವ ಪಂಪಿನ ದೆಸೆಯಿಂದ ನಾನು ಎಷ್ಟು ಸಲ ಎದೆ ಹಿಡಿದುಕೊಂಡು ನಿಂತೆನೋ ಲೆಕ್ಕವಿಲ್ಲ.

ಐದು ಮಂದಿ ಕೂರುವಂಥದ್ದು

ನಮ್ಮ ಮನೆಯವರಿಗೆ ಸಂಡೂರಿನ ಗಣಿಯೊಂದರಲ್ಲಿ ಕೆಲಸ, ಅದಿರು ಲಾರಿಗಳನ್ನು ತೂಕ ಹಾಕುವ ಕಡೆ. ಒಂದು ಮಧ್ಯಾಹ್ನ ಲ್ಯಾಬಿಗೆ ಫೋನ್ ಮಾಡಿದರು.

"ಹಂಪಿ ಕಡೆ ಒಂದು ಹೋಮ್‌ಸ್ಟೇ ಮುಚ್ಚಾಕತ್ತಾರ. ಸಾಮಾನೆಲ್ಲಾ ಮಾರಾಕತ್ತಾರ. ಐದು ಮಂದಿ ಆರಾಮ ಕುಂದ್ರಂಥದ್ದು ಒಂದು ಸಿಕ್ಕೈತಿ. ತರಲೇನು?"

ನಾನು ಸೋಫಾ ಎಂದುಕೊಂಡೆ. ನಮ್ಮ ಹಳೇ ಸೋಫಾದ ಸ್ಪ್ರಿಂಗು ಬಂದವರನ್ನೆಲ್ಲ ಚುಚ್ಚಿ ಎಬ್ಬಿಸುತ್ತಿತ್ತು.

"ಬಣ್ಣ ಯಾವುದೈತ್ರಿ?"

"ಒಳಗ ಬಿಳಿ, ಹೊರಗ ಕಟಿಗಿ ಬಣ್ಣ."

"ಭಾಳ ಚಲೋ ಆತು, ತಗೊಂಡು ಬರ್ರಿ" ಎಂದು ನಾನೇ ಬಾಯಿಬಿಟ್ಟು ಒಪ್ಪಿಗೆ ಕೊಟ್ಟೆ. ಈ ಮಾತನ್ನು ಅವರು ಇವತ್ತಿಗೂ ಎತ್ತಿ ಆಡುತ್ತಾರೆ.

ಸಂಜೆ ಮನೆಗೆ ಬಂದರೆ ಬಾಗಿಲ ಮುಂದೆ ಗೂಡ್ಸ್ ಗಾಡಿ. ಅದರ ಮೇಲೆ ಮಗುಚಿ ಕಟ್ಟಿದ ಭಾರೀ ತೊಟ್ಟಿಯಂಥದ್ದು. ಓಣಿಯ ಅರ್ಧ ಮಂದಿ ಆಗಲೇ ಸೇರಿದ್ದರು. ಎದುರುಮನೆ ಕಿರಾಣಿ ಅಂಗಡಿಯವರು ಕೇಳಿಯೇ ಬಿಟ್ಟರು, "ಡ್ಯಾಮಿನ್ಯಾಗ ಮೀನು ಹಿಡಿಯಾಕ ಹರಿಗೋಲು ತಂದೀರೇನ್ರಿ?"

"ಇದು ಹಾಟ್ ಟಬ್" ಎಂದರು ನಮ್ಮ ಮನೆಯವರು. "ಇದರಾಗ ಬಿಸಿನೀರು ತುಂಬಿ ಕುಂದ್ರೋದು. ಕೆಳಗ ಪಂಪ್ ಐತಿ. ನೀರು ಜೋರಾಗಿ ಬೆನ್ನಿಗೆ, ಮೊಣಕಾಲಿಗೆ ಹೊಡೀತೈತಿ."

ನಾನು ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತೆ. ಏಪ್ರಿಲ್ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವ ಊರು ನಮ್ಮದು. ಇಂಥ ಊರಿಗೆ ಬಿಸಿನೀರಿನ ತೊಟ್ಟಿ!

"ನಮ್ಮವ್ವನ ಮೊಣಕಾಲಿಗೆ" ಎಂದು ಅವರು ಸಣ್ಣ ದನಿಯಲ್ಲಿ ಸೇರಿಸಿದರು.

ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ನಮ್ಮ ಅತ್ತೆ ಕಂಪ್ಲಿಯ ಗದ್ದೆಗಳಲ್ಲಿ ನಲವತ್ತು ವರ್ಷ ಬಗ್ಗಿ ನಾಟಿ ಹಚ್ಚಿದವರು. ಈಗ ಮೊಣಕಾಲು ಮಡಚಲು ಆಗದೆ, ಮನೆಯ ಮೂರು ಮೆಟ್ಟಿಲನ್ನು ಗೋಡೆ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದರು. ನಮ್ಮ ಡಾಕ್ಟರು "ಬಿಸಿನೀರಿನಲ್ಲಿ ಕಾಲು ಇಟ್ಟುಕೊಳ್ಳಿ" ಎಂದಿದ್ದರು. ಅವರ ಮನಸ್ಸಿನಲ್ಲಿ ಇದ್ದದ್ದು ಬಕೆಟ್ಟು.

ಹಿತ್ತಲಲ್ಲಿ ತಗಡಿನ ಚಪ್ಪರದ ಕೆಳಗೆ ಟಬ್ಬು ಕೂತಿತು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು ವಿಚಾರಣೆ ಶುರುಮಾಡಿದರು.

"ಸೀರಿ ಉಟಗಂಡ ಇಳೀಬೇಕಾ?"

"ಹೂಂ ಅತ್ತಿ, ಹಳೇದೊಂದು ಉಟಗೊಳ್ರಿ."

"ಸಬಕಾರ?"

"ಹಚ್ಚಂಗಿಲ್ಲ."

"ಜಳಕ ಆದಮ್ಯಾಲೆ ನೀರು ಚೆಲ್ಲೋದು?"

"ಚೆಲ್ಲಂಗಿಲ್ಲ. ಅದ ನೀರು ನಾಳೆಗೂ ಬೇಕು."

ಅತ್ತೆ ಮಗನನ್ನೂ ನನ್ನನ್ನೂ ಮರುಕದಿಂದ ನೋಡಿದರು. "ಇದಕ್ಕ ಜಳಕ ಅನ್ನಂಗಿಲ್ಲ. ನೆನಿ ಹಾಕೋದು ಅಂತಾರ."

ಮೊದಲನೇ ದಿನ ಅವರನ್ನು ಇಳಿಸಲು ಮೂರು ಮಂದಿ ಬೇಕಾಯಿತು. ಎರಡನೇ ದಿನದಿಂದ ಎಬ್ಬಿಸಲು.

ಎಷ್ಟು ಎಕರೆಗೆ?

ಮೂರು ವಾರ ಸುಖವಾಗಿ ಕಳೆಯಿತು. ಅತ್ತೆ ಮೆಟ್ಟಿಲನ್ನು ಎಲ್ಲರ ಹಾಗೆ ಮುಂದಕ್ಕೆ ಮುಖಮಾಡಿ ಇಳಿಯತೊಡಗಿದರು. ಸಂಜೆ ಓಣಿಯ ಕಟ್ಟೆಗೂ ಹೋಗಿ ಕೂರತೊಡಗಿದರು. ನಾಲ್ಕನೇ ವಾರ ಬೆಳಿಗ್ಗೆ ನೋಡಿದರೆ ಹಿತ್ತಲ ತುಂಬ ನೀರು. ಟಬ್ಬಿನ ಪಕ್ಕದ ಹಲಗೆ ಬಿಚ್ಚಿದೆವು. ಒಳಗೆ ಪಂಪು, ಪಂಪಿನ ಕೆಳಗೆ ಒಂದು ಸಣ್ಣ ಕೆರೆ.

"ಕಂಪ್ಲಿ ಮಿಸ್ತ್ರಿನ್ನ ಕರಸ್ರಿ" ಎಂದು ಅತ್ತೆ ಅಪ್ಪಣೆ ಕೊಟ್ಟರು.

ಕಂಪ್ಲಿ ಮಿಸ್ತ್ರಿ ಎಂದರೆ ಹೊಳೆಯಿಂದ ಗದ್ದೆಗೆ ನೀರೆತ್ತುವ ಮೋಟರುಗಳನ್ನು ರಿಪೇರಿ ಮಾಡುತ್ತಲೇ ತಲೆ ಬೆಳ್ಳಗಾದವರು. ಅತ್ತೆಯ ಪ್ರಕಾರ ಅವರು ಕೈ ಇಟ್ಟರೆ ಕೆಟ್ಟ ಮೋಟರು ನಾಚಿಕೊಂಡು ತಿರುಗುತ್ತದೆ. ಮರುದಿನವೇ ಅವರು ಬಸ್ಸಿನಲ್ಲಿ ಭಾರದ ಚೀಲ ಹೊತ್ತು ಬಂದರು, ಬಗ್ಗಿ ಹಲಗೆಯ ಒಳಗೆ ಇಣುಕಿದರು.

"ಪಂಪ್ ಎಲ್ಲೈತ್ರಿ ಅಕ್ಕಾರ?"

"ನಿಮ್ಮ ಮುಂದ ಇರೋದ ಪಂಪ್ ರೀ."

"ಇದಾ! ನಾ ಪಂಪಿನ ಮರಿ ಅಂತ ತಿಳಕಂಡಿದ್ದೆ." ಅವರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು. "ಎಷ್ಟು ಎಕರೆಗೆ ನೀರು ಹಾಯಸ್ತೈತಿ?"

"ಎಕರೆ ಇಲ್ರಿ. ಈ ಟಬ್ಬಿನ ನೀರು ಎಳಕಂಡು ತಿರುಗಿ ಈ ಟಬ್ಬಿಗೇ ಬಿಡ್ತೈತಿ."

ಮಿಸ್ತ್ರಿ ಚೀಲ ಕೆಳಗಿಟ್ಟು ನೆಲದ ಮೇಲೆಯೇ ಕೂತುಬಿಟ್ಟರು.

"ಅಂದ್ರ ನೀರು ಎಲ್ಲಿಗೂ ಹೋಗಂಗಿಲ್ಲಾ?"

"ಇಲ್ರಿ."

"ಎಲ್ಲಿಗೂ ಹೋಗದ ನೀರಿಗೆ ಪಂಪು!" ಅವರ ಮುಖ ನೋಡಿ ನನಗೇ ಏನೋ ತಪ್ಪು ಮಾಡಿದಂತೆ ಅನ್ನಿಸಿತು. "ಹಂಗಾದ್ರ ಇದು ಸೋರಾಕತ್ತಿಲ್ಲ ಬಿಡ್ರಿ. ಪಾಪ, ನೀರು ತಪ್ಪಿಸಿಕೊಂಡು ಹೋಗಾಕ ನೋಡಾಕತ್ತೈತಿ."

ನಾನು ಕರೆಂಟಿನ ಸ್ವಿಚ್ಚು ಆಫ್ ಮಾಡಿ ಬಂದೆ. ಅವರು ಪಂಪಿಗೆ ಪೈಪು ಸೇರುವ ಕಡೆ ಇದ್ದ ದಪ್ಪ ತಿರುಪನ್ನು ಮುಟ್ಟಿ, "ಸಡಲಾಗೈತಿ, ಅಷ್ಟ" ಎಂದರು. ಚೀಲದಿಂದ ಮೊಳ ಉದ್ದದ ಪೈಪ್ ರೆಂಚು ಹೊರಗೆ ಬಂತು.

"ಅದು ಪ್ಲಾಸ್ಟಿಕ್ ಐತ್ರಿ ಅಣ್ಣಾರ, ನಿಧಾನ."

"ಅಕ್ಕಾರ, ನಾ ಬಿಗಿ ಮಾಡಿದ್ದು ಹೊಳಿ ಬಂದ್ರೂ ಸಡಲಾಗಿಲ್ಲ."

ಒಂದು ಸುತ್ತು ಬಿಗಿದರು. ಎರಡನೇ ಸುತ್ತಿಗೆ ಟಪ್ ಎಂದಿತು. ಸಾವಿರ ಲೀಟರು ನೀರು ಹೊರಗೆ ಹೋಗಲು ಕಾದಿದ್ದೇ ಇದಕ್ಕೆ ಎನ್ನುವಂತೆ ಮಿಸ್ತ್ರಿಯ ಹಣೆಗೆ ಬಡಿದು, ಕನ್ನಡಕ ಹಾರಿಸಿ, ಟೊಪ್ಪಿಗೆಯನ್ನು ತುಳಸಿಕಟ್ಟೆಯವರೆಗೆ ತೇಲಿಸಿಕೊಂಡು ಹೋಯಿತು. ನಾನು ಕಿರುಚುತ್ತ ವಾಲ್ವ್ ಹುಡುಕಿ ಮುಚ್ಚುವ ಹೊತ್ತಿಗೆ ಅವರ ಮೈಮೇಲೆ ಒಣಗಿದ ಜಾಗ ಇರಲಿಲ್ಲ.

ಮಿಸ್ತ್ರಿ ಮುಖ ಒರೆಸಿಕೊಂಡು ಬಹಳ ಗಂಭೀರವಾಗಿ ಹೇಳಿದರು, "ಅಕ್ಕಾರ, ಇಷ್ಟೊತ್ತನ ಎಲ್ಲಿಂದ ಸೋರತೈತಿ ಅಂತ ಅನುಮಾನ ಇತ್ತು. ಈಗ ಅನುಮಾನ ಇಲ್ಲ."

ಹಸಿ ಎಲ್ಲಿತ್ತು?

ಒಡೆದ ತಿರುಪನ್ನು ಮಿಸ್ತ್ರಿ ಮರುದಿನವೇ ಹೊಸದು ತಂದು ಹಾಕಿದರು, ಈ ಸಲ ಬರಿಗೈಯಿಂದ, ಮಗುವಿನ ಕಿವಿ ಹಿಂಡುವಷ್ಟು ಮೆಲ್ಲಗೆ. ಕಾರಂಜಿ ನಿಂತಿತು. ಮೊದಲಿನ ಹನಿ ಮಾತ್ರ ನಿಲ್ಲಲಿಲ್ಲ.

ಆಗ ನಾನು ಕೈ ಹಾಕಿದೆ. ರೋಗ ಎಲ್ಲಿದೆ ಎಂದು ಗೊತ್ತಾಗುವ ಮೊದಲು ಔಷಧಿ ಕೊಡಬಾರದು ಎಂಬುದು ನಮ್ಮ ಲ್ಯಾಬಿನವರ ಧರ್ಮ. ಪಂಪನ್ನೂ ಪೈಪುಗಳನ್ನೂ ಒಣಬಟ್ಟೆಯಿಂದ ಒರೆಸಿ, ಕೆಳಗೆ ಅವತ್ತಿನ ಪೇಪರು ಹಾಸಿ, ಪಂಪು ಚಾಲೂ ಮಾಡಿದೆ. ಎಲ್ಲಿ ಮೊದಲು ಹಸಿಯಾಗುತ್ತದೋ ಅದರ ನೇರ ಮೇಲೆ ಸೋರಿಕೆ. ಲ್ಯಾಬಿಗೆ ಒಂದು ತಾಸು ಹೋಗಿಬಂದು ನೋಡಿದರೆ ಪಂಪು ಬಂದ್ ಆಗಿತ್ತು, ಪೇಪರೇ ಇರಲಿಲ್ಲ. ನೆಲವನ್ನೂ ಯಾರೋ ಚೊಕ್ಕ ಒರೆಸಿದ್ದರು.

ಪಡಸಾಲೆಯಲ್ಲಿ ನಮ್ಮ ಮನೆಯವರು ಫ್ಯಾನಿನ ಕೆಳಗೆ ಕೂತು ಪೇಪರು ಓದುತ್ತಿದ್ದರು. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ.

"ಅಯ್ಯೋ ದೇವರೇ! ಅದು ಪಂಪಿನ ಕೆಳಗಿನ ಪೇಪರಲ್ರೀ?"

"ಹೌದು. ಯಾರೋ ಮರೆತು ಬಿಟ್ಟಿದ್ರು. ನಾನಿನ್ನೂ ಓದಿದ್ದಿಲ್ಲ. ಹಸಿ ಆಗಿತ್ತು, ಇಸ್ತ್ರಿ ಮಾಡಿಕೊಂಡೆ."

ನಾನು ಸಿಟ್ಟು ನುಂಗಿಕೊಂಡು ಕೇಳಿದೆ, "ಎಲ್ಲಿ ಹಸಿ ಆಗಿತ್ತು, ಅದನ್ನರೆ ನೆನಪು ಮಾಡಿಕೊಂಡು ಹೇಳ್ರಿ."

ಅವರು ಪುಟ ತಿರುಗಿಸಿ, ಬೆರಳಿಟ್ಟು, ಪ್ರಾಮಾಣಿಕವಾಗಿ ಹೇಳಿದರು, "ಕನ್ಯಾ ರಾಶ್ಯಾಗ. ತುಲಾ ಪೂರ್ತಿ ಒಣಗಿತ್ತು."

ಟೆಸ್ಟಿನ ಫಲ

ಆ ವರ್ಷ ಹೋಳಿ ಹಬ್ಬಕ್ಕೆ ನಾವೆಲ್ಲ ಹಂಪಿ ಬಜಾರಿಗೆ ಹೋಗಿದ್ದೆವು. ಅಲ್ಲಿ ಆಡಿ ಉಳಿದ ಒಂದು ಪೊಟ್ಟಣ ಹಸಿರು ಬಣ್ಣ ಮನೆಯಲ್ಲಿತ್ತು. ಪಂಪಿನ ಮೇಲೆಯೇ ಮನೆಯ ಟ್ಯಾಂಕಿನ ಪೈಪೂ ಹಾದುಹೋಗಿದೆ. ಸೋರುವುದು ಟಬ್ಬಿನ ನೀರೋ ಟ್ಯಾಂಕಿನ ನೀರೋ ತಿಳಿಯಲು ಟಬ್ಬಿಗೆ ಬಣ್ಣ ಹಾಕಿದರಾಯಿತು. ಹನಿ ಹಸಿರಾದರೆ ಪಂಪಿನ ತಪ್ಪು, ಬಿಳಿಯಾದರೆ ಪೈಪಿನ ತಪ್ಪು.

ಭಾನುವಾರ ಬೆಳಿಗ್ಗೆ ಎರಡು ಚಮಚ ಹಾಕಿದೆ. ಅಷ್ಟೇ ಸಾಕಿತ್ತು. ಆದರೆ ನಾನು ಟಾರ್ಚು ತರಲು ಒಳಗೆ ಹೋದಾಗ ನಮ್ಮ ಮನೆಯವರು, ಉಳಿದದ್ದನ್ನು ಇಟ್ಟುಕೊಂಡು ಏನು ಮಾಡುವುದೆಂದು, ಪೊಟ್ಟಣವನ್ನೇ ಕೊಡವಿಬಿಟ್ಟರು. ಬಂದವಳೇ ನಾನು ಹಲಗೆಯ ಒಳಗೆ ತಲೆ ತೂರಿಸಿ ಹನಿ ಕಾಯುತ್ತ ಮಲಗಿದೆ. ಮೇಲೆ ಏನಾಗುತ್ತಿದೆ ಎಂದು ನನಗೆ ಕಾಣಿಸುವಂತಿರಲಿಲ್ಲ.

ಮೇಲೆ ಅತ್ತೆ, ಕನ್ನಡಕ ತೆಗೆದಿಟ್ಟು, ಟಬ್ಬಿಗೆ ಇಳಿದು, ಕುತ್ತಿಗೆವರೆಗೂ ಮುಳುಗಿ, ಒಂದೆರಡು ಸಲ ಮುಖವನ್ನೂ ತೊಳೆದುಕೊಂಡಿದ್ದರು. ಸೊಸೆ ಮೊಣಕಾಲಿಗೆಂದು ಬೇವಿನ ಸೊಪ್ಪು ಅರೆದು ಹಾಕಿದ್ದಾಳೆ ಎಂದು ಅವರ ಲೆಕ್ಕ.

ಅದೇ ಹೊತ್ತಿಗೆ ಕಂಪ್ಲಿಯಿಂದ ಅತ್ತೆಯ ತಂಗಿ, ನಮ್ಮ ಸಣ್ಣತ್ತೆ, ಅಕ್ಕನ ಆರೋಗ್ಯ ನೋಡಿಕೊಂಡು ಹೋಗಲು ಬಂದರು. ನೇರ ಹಿತ್ತಲಿಗೆ ನಡೆದರು. ಅತ್ತೆ "ಬಾರೇ ತಂಗೀ" ಎನ್ನುತ್ತ ಟಬ್ಬಿನಿಂದ ಎದ್ದು ನಿಂತರು.

ಸಣ್ಣತ್ತೆ ಕೂಗಿದ ಕೂಗಿಗೆ ನಾನು ತಲೆ ಎತ್ತಿ ಹಲಗೆಗೆ ಹೊಡೆದುಕೊಂಡೆ.

"ಯಕ್ಕಾ! ವಿಷ ನೆತ್ತಿಗೇರೈತಲ್ಲವ್ವಾ! ಯಾವ ಹಾವು ಕಡೀತು? ಯಾರರೆ ಬರ್ರೀ!"

ನಾನು ತೆವಳಿ ಹೊರಗೆ ಬಂದೆ. ಅತ್ತೆಯನ್ನು ನೋಡಿದೆ. ಹಣೆ, ಮೂಗು, ಕೈ, ಕಾಲು, ಬಿಳಿ ಕೂದಲು, ಎಲ್ಲ ಒಂದೇ ಹಸಿರು. ಹೊಸದಾಗಿ ನಾಟಿ ಹಚ್ಚಿದ ಗದ್ದೆಯೇ ಎದ್ದು ನಿಂತಂತೆ ಕಾಣುತ್ತಿದ್ದರು.

"ಹಾವೂ ಇಲ್ಲ ಚೇಳೂ ಇಲ್ಲ, ಯಾಕ ಒದರ್ತಿ?" ಅತ್ತೆ ತಮ್ಮ ಕೈ ನೋಡಿಕೊಂಡು, ನನ್ನ ಕೈಯಲ್ಲಿದ್ದ ಟಾರ್ಚು ನೋಡಿ, ಎಲ್ಲ ತಿಳಿದವರಂತೆ ಹೇಳಿದರು, "ನಮ್ಮ ಸೊಸಿ ಏನೋ ಟೆಸ್ಟ್ ಮಾಡಾಕತ್ತಾಳ."

"ಟೆಸ್ಟಾ?" ಸಣ್ಣತ್ತೆ ನಡುಗುವ ದನಿಯಲ್ಲಿ ನನ್ನ ಕಡೆ ತಿರುಗಿದರು. "ಏನ್ ಬಂತವ್ವಾ ಟೆಸ್ಟಿನ್ಯಾಗ?"

"ಸೋರಾಕತ್ತಿರೋದು ಪಂಪ್ ಅಂತ ಬಂತ್ರಿ ಸಣ್ಣತ್ತಿ. ಹನಿ ಹಸಿರೈತಿ."

ಅತ್ತೆ ತಂಗಿಯ ಭುಜ ತಟ್ಟಿ ಸಮಾಧಾನ ಹೇಳಿದರು, "ಕೇಳಿದಿಲ್ಲ? ಸೋರೋದು ನಾನಲ್ಲಂತ."

ಜುಮ್ಮನ್ನುವ ನೀರು

ಹನಿ ಬಿದ್ದ ಜಾಗವನ್ನು ಫೋಟೋ ತೆಗೆದು ಕಳಿಸಿದೆ. ಮಿಸ್ತ್ರಿ ಕೂಡಲೇ ಫೋನ್ ಮಾಡಿದರು. "ನೀರು ಇರೋ ಭಾಗಕ್ಕೂ ಮೋಟರಿಗೂ ನಡುವೆ ಒಂದು ಸೀಲ್ ಇರ್ತೈತ್ರಿ, ಬಳಿಯಂಥಾದ್ದು. ಅದು ಸವದೈತಿ. ಹೊಸಾದು ಸಿಗೋತನ ಚಾಲೂ ಮಾಡಬ್ಯಾಡ್ರಿ. ನೀರು ಮೋಟರಿಗೆ ಹೋಗ್ತೈತಿ."

ನಾವು ಹಸಿರು ನೀರು ಚೆಲ್ಲಿ ಹೊಸದು ತುಂಬಿದೆವು, ಪಂಪು ಮಾತ್ರ ಚಾಲೂ ಮಾಡಲಿಲ್ಲ. ಆದರೆ ಸ್ವಿಚ್ಚು ಎಲ್ಲಿದೆ ಎಂದು ಅತ್ತೆಗೆ ಗೊತ್ತಿತ್ತು.

ಒಂದು ದಿನ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದೆ. ಹಿತ್ತಲಲ್ಲಿ ಪಂಪಿನ ಸದ್ದು. ಅತ್ತೆ ಟಬ್ಬಿನಲ್ಲಿ, ಅಂಚಿನ ಸ್ಟೀಲ್ ಕಂಬಿಯ ಮೇಲೆ ಕೈ ಇಟ್ಟು, ಅರೆಗಣ್ಣು ಮುಚ್ಚಿ ಕೂತಿದ್ದರು.

"ಬಾ, ಬಾ. ಇವತ್ತು ಭಾಳ ಚಲೋ ಐತಿ ನೋಡು. ಈ ಕಂಬಿ ಮುಟ್ಟಿದ್ರ ಮೊಣಕೈತನ ಜುಮ್ಮ್ ಅಂತೈತಿ."

ಓಡಿಹೋಗಿ ಅವರನ್ನು ಹಿಡಿದು ಎಳೆಯಬೇಕೆನಿಸಿತು. ಹಿಡಿದರೆ ನಾನೂ ಅಲ್ಲೇ ಎಂದು ಎಲ್ಲಿಂದಲೋ ನೆನಪಾಯಿತು. "ಅತ್ತೀ, ಕೈ ತೆಗೀರಿ! ಕಂಬಿ ಬಿಡ್ರಿ!" ಎಂದು ಚೀರುತ್ತ ಮನೆಯೊಳಗೆ ಓಡಿ ಮೇನ್ ಸ್ವಿಚ್ಚನ್ನೇ ಎಳೆದೆ. ಇಡೀ ಮನೆ ಸುಮ್ಮನಾಯಿತು. ಹೊರಗೆ ಬಂದರೆ ಅತ್ತೆ ಕೂತಲ್ಲೇ ಕೂತಿದ್ದರು, ಮುಖದಲ್ಲಿ ಬರೀ ಬೇಸರ. ಅವರನ್ನು ಹೊರಗೆ ತಂದು ಕುರ್ಚಿಯಲ್ಲಿ ಕೂರಿಸಿ ನಾಡಿ ಹಿಡಿದೆ. ಅವರ ನಾಡಿ ಸರಿಯಿತ್ತು. ಹಾಗೇ ಅವರ ಒದ್ದೆ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ.

ಸಂಜೆ ನಮ್ಮ ಮನೆಯವರು ಬಂದು ಪ್ಲಗ್ಗು ನೋಡಿ ಬಿಳಿಚಿಕೊಂಡರು. ಬೋರ್ಡಿನಲ್ಲಿ ಕೂರಲಿಲ್ಲವೆಂದು ಅದರ ಮೂರನೇ ಕಡ್ಡಿಯನ್ನು, ಅರ್ತಿಂಗಿನದನ್ನು, ಟಬ್ಬು ತಂದ ದಿನ ಅವರೇ ಮುರಿದು ಹಾಕಿದ್ದರು. ಅವತ್ತು ನಾನು ಅವರಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮೂರೇ ದಿನದಲ್ಲಿ ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಗುಂಡಿ ತೋಡಿ ಅರ್ತಿಂಗ್ ಮಾಡಿ, ಸ್ವಲ್ಪ ಕರೆಂಟು ಸೋರಿದರೂ ತಾನೇ ಬೀಳುವ ಸ್ವಿಚ್ಚು ಕೂರಿಸಿದರು.

ಅತ್ತೆಗೆ ಮಾತ್ರ ನನ್ನ ಅಳುವಿನ ತಲೆಬುಡ ತಿಳಿಯಲಿಲ್ಲ. "ನಿಮ್ಮ ಆಸ್ಪತ್ರ್ಯಾಗ ಹತ್ತು ದಿನ ನನ್ನ ಮೊಣಕಾಲಿಗೆ ಕರೆಂಟ್ ಹಿಡಿಸಿದಿ. ‘ಜುಮ್ ಅಂತೈತೇನ್ರಿ ಅಮ್ಮಾ, ಇನ್ನಾ ಹೆಚ್ಚಿಗಿ ಮಾಡ್ಲಾ’ ಅಂತ ಕೇಳಿ ಕೇಳಿ ಕೊಡ್ತಿದ್ರು. ಮನ್ಯಾಗ ಪುಕ್ಸಟ್ಟೆ ಜುಮ್ ಅಂದ್ರ ಅಳ್ತಿ!"

ಹಳೆಯ ಮಾಲೀಕರು

ಟಬ್ಬು ಖಾಲಿಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಅತ್ತೆ ಮತ್ತೆ ಗೋಡೆ ಹಿಡಿದು ಅಡ್ಡಡ್ಡ ಇಳಿಯತೊಡಗಿದರು. ಕಟ್ಟೆಗೆ ಹೋಗುವುದು ನಿಂತಿತು. ಬಾಯಿಬಿಟ್ಟು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಸಂಕಟ.

ಹೊಸಪೇಟೆಯ ಅಂಗಡಿಗಳಿಗೆಲ್ಲ ಹಳೆಯ ಸೀಲು ಹಿಡಿದು ಅಲೆದೆ. "ಯಾವ ಗಾಡಿದ್ರಿ ಮೇಡಂ?" ಎನ್ನುತ್ತಿದ್ದರು. ಟಬ್ಬಿನದು ಎಂದರೆ ನನ್ನನ್ನು ಮೇಲೆ ಕೆಳಗೆ ನೋಡಿ ಮುಂದಿನ ಗಿರಾಕಿಯನ್ನು ಕರೆಯುತ್ತಿದ್ದರು. ನಮ್ಮ ಮನೆಯವರು ಸಂಡೂರಿನ ಗಣಿ ವರ್ಕ್‌ಶಾಪಿನಲ್ಲಿ ಕೇಳಿ ಒಂದು ಸೀಲು ತಂದರು, ಊಟದ ತಾಟಿನಷ್ಟು ಅಗಲ. ಅತ್ತೆ ಅದನ್ನು ತಿರುಗಿಸಿ ನೋಡಿ ನೀರಿನ ಕೊಡದ ಕೆಳಗೆ ಸಿಂಬಿ ಮಾಡಿಕೊಂಡರು.

ಕೊನೆಗೆ ನಾನೇ ಸ್ಕೂಟರ್ ಹತ್ತಿ ಹಂಪಿಗೆ ಹೋದೆ. ಟಬ್ಬು ಮಾರಿದ ಹೋಮ್‌ಸ್ಟೇ ಮಾಲೀಕರು ಈಗ ಪ್ರವಾಸಿಗರಿಗೆ ಸೈಕಲ್ ಬಾಡಿಗೆ ಕೊಡುತ್ತಾರೆ. ಒಂದು ಪಂಕ್ಚರಿಗೆ ಗಾಳಿ ಹೊಡೆಯುತ್ತಿದ್ದರು. ನಾನು ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡೇ ಹೋಗಿದ್ದೆ.

"ನೀವು ಕೊಟ್ಟ ಟಬ್ಬಿನ ಪಂಪ್ ಸೋರಾಕತ್ತೈತ್ರಿ!"

ಅವರು ಗಾಳಿ ಹೊಡೆಯುವುದನ್ನು ನಿಲ್ಲಿಸಿ ಕಣ್ಣರಳಿಸಿದರು. "ಬರೇ ಪಂಪ್ ಅಷ್ಟಾ?"

"ಹೂಂ."

"ನಿಮ್ಮ ಕೈಗುಣ ಭಾಳ ಚಲೋ ಐತಿ ಮೇಡಂ. ನಮ್ಮಲ್ಲಿ ಟಬ್ಬೂ ಸೋರ್ತಿತ್ತು."

ಜೋಡಿಸಿಕೊಂಡು ಹೋದ ಜಗಳವೆಲ್ಲ ಬಾಯಲ್ಲೇ ಕರಗಿತು. ಅವರು ಒಳಗೆ ಹೋಗಿ ಹಳೇ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಕೈಗಿಟ್ಟರು. ಅದರಲ್ಲಿ ಹೊಸ ಸೀಲು ಎರಡು, ರಬ್ಬ‌ರ್ ಉಂಗುರ ನಾಲ್ಕು, ಕವರನ್ನೂ ಬಿಚ್ಚಿರಲಿಲ್ಲ.

"ಅಲ್ರೀ, ಇದು ನಿಮ್ಮ ಹತ್ರ ಇದ್ರೂ ಯಾಕ ಹಾಕಿಸಲಿಲ್ಲ?"

"ಅದು ಬಂದ ದಿನಾನ ಹೋಮ್‌ಸ್ಟೇ ಮುಚ್ಚಿದ್ವಿ" ಎಂದು ಅವರು ಮತ್ತೆ ಗಾಳಿ ಹೊಡೆಯತೊಡಗಿದರು.

ಎರಡು ಪ್ಲಸ್

ಮುಂದಿನ ಭಾನುವಾರ ಮಿಸ್ತ್ರಿ ಬಂದರು. ಈ ಸಲ ರೆಂಚು ತಂದಿರಲಿಲ್ಲ, ತೊಳೆದ ಬಿಳಿ ಬಟ್ಟೆ ತಂದಿದ್ದರು. ಸೀಲಿನ ಮುಖಕ್ಕೆ ಬೆರಳು ತಾಗಬಾರದು ಎಂದು ಅದನ್ನು ಬಟ್ಟೆಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸಿದರು. ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದೆ. ಟಬ್ಬು ತುಂಬಿ, ನೀರು ಬೆಚ್ಚಗಾಗಿ, ಪಂಪು ಚಾಲೂ ಆಯಿತು. ಹೊಸ ಸ್ವಿಚ್ಚು ಬೀಳಲಿಲ್ಲ. ಅರ್ಧ ತಾಸು ಮಿಸ್ತ್ರಿ, ನಮ್ಮ ಮನೆಯವರು, ನಾನು ಮೂವರೂ ನೆಲವನ್ನೇ ನೋಡುತ್ತ ಕೂತೆವು. ನೆಲ ಒಣ ಸುಣ್ಣದ ಹಾಗಿತ್ತು.

"ಗೆದ್ವಿ ಅಕ್ಕಾರ!" ಎಂದರು ಮಿಸ್ತ್ರಿ.

ಅತ್ತೆಗೆ ಹಳೇ ಸೀರೆ ಉಟ್ಟು ಇಳಿಯಲು ಹೇಳಿ, ನಾವು ಒಳಗೆ ಹೋಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಚಹಾ ಕುಡಿದೆವು, ನಮ್ಮ ಮನೆಯವರು ಮಾತ್ರ ಸಕ್ಕರೆ ಹಾಕದ್ದು. ಮಿಸ್ತ್ರಿ ತಮ್ಮ ಹಳೆಯ ಮೋಟರುಗಳ ಕತೆ ಹೇಳಿ ನಗಿಸಿದರು. ತಿರುಗಿ ಹಿತ್ತಲಿಗೆ ಬಂದರೆ ಅತ್ತೆ ಟಬ್ಬಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಪಂಪಿನ ಮುಂದೆ ನೆಲದ ಮೇಲೆ ನೀರು.

ಮಿಸ್ತ್ರಿಯ ಮುಖ ನೋಡಲಾಗಲಿಲ್ಲ. "ನನ್ನ ಕೈ ಹೋತ್ರಿ ಅಕ್ಕಾರ" ಎಂದು ಅಲ್ಲೇ ಒದ್ದೆಯಲ್ಲೇ ಕೂತುಬಿಟ್ಟರು. ಸ್ವಿಚ್ಚು ಆಫ್ ಮಾಡಿ, ವಾಲ್ವ್ ಮುಚ್ಚಿ, ಮತ್ತೆ ಎಲ್ಲ ಬಿಚ್ಚಿದರು. ಸೀಲು ಸರಿಯಿತ್ತು. ಉಂಗುರ ಸರಿಯಿದ್ದವು. ಮೋಟರಿನ ಕಡೆ ಬಟ್ಟೆ ಒತ್ತಿದರೆ ಬಟ್ಟೆ ಒಣ. "ಒಳಗ ಒಣ, ಹೊರಗ ನೀರು. ಮೂವತ್ತು ವರ್ಷದಾಗ ಇಂಥಾದ್ದು ನೋಡಿಲ್ರಿ" ಎಂದು ಬೆವರು ಒರೆಸಿಕೊಂಡರು. ನಮ್ಮ ಮನೆಯವರು ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದರು.

ಇದು ಟಬ್ಬಿನ ನೀರು ಹೌದೋ ಅಲ್ಲವೋ, ಅದನ್ನಾದರೂ ನೋಡೋಣ ಎಂದುಕೊಂಡೆ. ಟಬ್ಬಿನ ನೀರಿನಲ್ಲಿ ಹುಳಿ, ಅಂದರೆ ಪಿಎಚ್, ಎಷ್ಟಿದೆ ನೋಡಲು ನಾನು ಲ್ಯಾಬಿನ ಮೂತ್ರ ಪರೀಕ್ಷೆಯ ಪಟ್ಟಿಯನ್ನೇ ಬಳಸುತ್ತೇನೆ. ಅದರಲ್ಲಿ ಹತ್ತು ಬಣ್ಣದ ಚೌಕಗಳಿರುತ್ತವೆ, ಒಂದು ಹುಳಿಗೆ, ಒಂದು ಸಕ್ಕರೆಗೆ, ಹೀಗೆ. ನೆಲದ ನೀರಿನಲ್ಲಿ ಒಂದು ಪಟ್ಟಿ ಅದ್ದಿ, ವಾಚು ನೋಡಿಕೊಂಡು ನಿಂತೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಹುಳಿಯ ಚೌಕ ಟಬ್ಬಿನ ನೀರಿನ ಬಣ್ಣಕ್ಕೆ ಬರಲೇ ಇಲ್ಲ. ಅದರ ಬದಲು ಸಕ್ಕರೆಯ ಚೌಕ ಕಂದು ತಿರುಗಿತು. ಇಪ್ಪತ್ತು ವರ್ಷದ ಅಭ್ಯಾಸ. ಯೋಚನೆ ಮಾಡುವ ಮೊದಲೇ ಬಾಯಿ ಗಟ್ಟಿಯಾಗಿ ಓದಿಬಿಟ್ಟಿತು:

"ಶುಗರ್, ಎರಡು ಪ್ಲಸ್!"

ಮಿಸ್ತ್ರಿ ಪಟ್ಟಿಯನ್ನು ನೋಡಿದರು, ನೆಲ ನೋಡಿದರು, ಕೂತಿದ್ದ ಒದ್ದೆಯಿಂದ ಮೆಲ್ಲಗೆ ಎದ್ದು ನಿಂತರು. ನಮ್ಮ ಮನೆಯಲ್ಲಿ ಶುಗರ್ ಇರುವುದು ಒಬ್ಬರಿಗೇ. ನಾನೂ ಮಿಸ್ತ್ರಿಯೂ ಒಟ್ಟಿಗೇ ತಿರುಗಿ ನಮ್ಮ ಮನೆಯವರನ್ನು ನೋಡಿದೆವು.

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ನಾನಲ್ಲ!"

ಮಿಸ್ತ್ರಿ ತಮ್ಮ ಒದ್ದೆ ಪಂಚೆಯನ್ನು ಮೈಯಿಂದ ದೂರ ಎತ್ತಿ ಹಿಡಿದರು.

"ಯವ್ವನ ಆಣಿ, ನಾನಲ್ರೀ! ನಾ ನಿಮ್ಮ ಜೋಡಿ ಒಳಗ ಮಿರ್ಚಿ ತಿನ್ನಾಕತ್ತಿದ್ದಿಲ್ಲೇನು? ಒಮ್ಮೆ ಹೊರಗ ಹೋಗಿದ್ದೆ, ಖರೆ, ಆದ್ರ ಫೋನ್ ಬಂದಿತ್ತು!"

ಟಬ್ಬಿನಲ್ಲಿ ಅತ್ತೆ ಕಣ್ಣು ತೆರೆದರು. "ಯಾಕೋ ನನ್ನ ಆಣಿ ಹಾಕ್ತಿ? ಏನಾತು?"

"ಅತ್ತೀ, ಇಲ್ಲಿ ನೆಲದ ಮ್ಯಾಲೆ ನೀರು ಬಂದೈತ್ರಿ. ಟಬ್ಬಿಂದಲ್ಲ. ಸಕ್ಕರಿ ಐತಿ ಅದರಾಗ."

"ಇರಲಾರದ ಏನು? ಎಳೀ ಕಾಯಿ ಅದು" ಎಂದರು ಅತ್ತೆ ತಣ್ಣಗೆ. "ಹೊಸ ಸೀಲ್ ಕುಂತೈತಿ, ಪೂಜಿ ಇಲ್ಲದ ಹೆಂಗ ಇಳೀಲಿ? ಅರಿಷಿಣ ಕುಂಕುಮ ಹಚ್ಚಿದ್ರ ಮಿಷಿನಿಗೆ ಹೊಲಸಾತು ಅಂತ ಬೈತಿ. ಅದಕ್ಕ ನೀವು ಚಾ ಕುಡಿಯಾಕ ಹೋದಾಗ ಪಂಪಿನ ಮುಂದ ಬರೇ ಒಂದು ಕಾಯಿ ಒಡದೆ. ಹೋಳು ಸೀರಿ ಮಗ್ಗಲದಾಗ ಇಟ್ಟೀನಿ ನೋಡು. ನೀರು ಭಾಳ ಇತ್ತು."

ಮಿಸ್ತ್ರಿ ಪಂಪಿನ ಮುಂದೆ ಕೈಮುಗಿದು ನಿಂತರು. ನಾನು ನಗು ತಡೆಯಲಾರದೆ ಟಬ್ಬಿನ ಅಂಚು ಹಿಡಿದುಕೊಂಡೆ. ನಮ್ಮ ಮನೆಯವರು ಮಾತ್ರ ಇನ್ನೂ ಗೋಡೆಗೆ ಅಂಟಿಕೊಂಡು ಏದುಸಿರು ಬಿಡುತ್ತಿದ್ದರು.

ಅತ್ತೆ ಮಗನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು.

"ಅದೇನೋ ಸರಿ. ನೀ ಯಾಕ ಅಷ್ಟು ಗಾಬರಿ ಆದಿ?"